ಗಾಯಕನ ಕಾಯಕವೂ ಕೇಳುಗನ ಧರ್ಮವೂ

(ಮಹೋತ್ಸವದ ಸಂದರ್ಭದಲ್ಲಿ ಕೊಟ್ಟ ಉಪನ್ಯಾಸ)



ಕಳವೆಂದರೇನೆಂಬದನ್ನು ಈ ಸಭೆಗೆ ಹೊಸದಾಗಿ ವಿವರಿಸಬೇಕಾದ ಅಗತ್ಯವಿಲ್ಲ. ಒಬ್ಬ ಒಕ್ಕಲಿಗನ ಹಗೇವಿನೊಳಗಿನ ಜೋಳವನ್ನು ಮತ್ತೊಬ್ಬನು ಕತ್ತಲೆಯಲ್ಲಿ ಹೊತ್ತುಕೊಂಡು ಹೋದರೆ ಅದನ್ನು ಕಳವೆನ್ನಲು ಶಾಸ್ತ್ರವೂ ಬೇಡ, ನ್ಯಾಯಾಧೀಶನೂ ಬೇಡ. ಕದ್ದವನ ಮನೆಯಲ್ಲಿ ಎಷ್ಟು ಚೀಲ ಹೆಚ್ಚಾದವೋ ಒಡೆಯನ ಮನೆಯಲ್ಲಿ ಅಷ್ಟೇ ಚೀಲ ಕಡಿಮೆಯಾದವು. ಈ ಲೆಕ್ಕವು ಎಳೆಯ ಮಕ್ಕಳಿಗೂ ತಿಳಿಯುವಂಥದು. ಆದರೆ ಒಯ್ದ ಮೇಲೆಯೂ ಹಗೇವು ಮೊದಲಿನಂತೆಯೇ ತುಂಬಿದ್ದರೆ ಏನನ್ನಬೇಕು? ಒಯ್ದವನಿಗೂ ಜೋಳ ದೊರೆಯಿತು, ಒಡೆಯನಿಗೂ ಒಂದು ಕಾಳು ಕಡಿಮೆಯಾಗಲಿಲ್ಲ. ಹೀಗಿರುವಾಗ ಅದು ಕಳವೇ, ಅಲ್ಲವೇ? ಹಿಂದಿನವರಿಗೆ ಇಂಥ ಪ್ರಶ್ನೆಯು ಒಗಟಿನಂತೆ ಕಾಣುತ್ತಿತ್ತು. ಈ ಕಾಲದಲ್ಲಿಯಾದರೋ ಅದು ಪ್ರತಿಯೊಂದು ಮನೆಯ ಪ್ರಶ್ನೆಯಾಗಿದೆ. ಸಂಗೀತವನ್ನು ಹಣ ಕೊಡದೆ ಅಂತರ್ಜಾಲದಿಂದ ಇಳಿಸಿಕೊಳ್ಳುವ, ಜನರ ಬಾಯಲ್ಲಿ ಹೇಳುವದಾದರೆ ಡೌನ್‌ಲೋಡ್ ಮಾಡಿಕೊಳ್ಳುವ ರೂಢಿಯೇ ಆ ಪ್ರಶ್ನೆಯು.

ನೆರೆಯವನ ಹಿತ್ತಿಲ ತೆಂಗಿನಕಾಯಿಯನ್ನು ಕೈಯಿಂದ ಮುಟ್ಟದ ಸಜ್ಜನರೂ ಈ ಕಾರ್ಯವನ್ನು ಯಾವ ಅಳುಕೂ ಇಲ್ಲದೆ ಮಾಡುತ್ತಾರೆ. ಕೆಲವು ವರ್ಷಗಳ ಹಿಂದೆ ತಾಲೂಕಿನ ಪೇಟೆಗಳಲ್ಲಿ ಮೊಬೈಲ್ ಅಂಗಡಿಗೆ ಹೋಗಿ, ಹತ್ತಿಪ್ಪತ್ತು ರೂಪಾಯಿ ಕೊಟ್ಟು, ಮೆಮೊರಿ ಕಾರ್ಡಿಗೆ ನೂರಾರು ಹಾಡು ಹಾಕಿಸಿಕೊಂಡು ಬರುವದು ಸಾಮಾನ್ಯವಾಗಿತ್ತು. ಆ ಹಣವು ಅಂಗಡಿಯವನಿಗೆ ಸೇರಿತೇ ಹೊರತು ಹಾಡಿದವರಿಗೆ, ಹಾಡು ಕಟ್ಟಿದವರಿಗೆ, ತಬಲಾ ಬಾರಿಸಿದವರಿಗೆ ಒಂದು ಕಾಸೂ ಮುಟ್ಟಲಿಲ್ಲ. ಆ ಹಾಡುಗಳಲ್ಲಿ ಶಿವಭಜನೆಗಳೂ ವಚನಗಳೂ ಇದ್ದವೆಂಬದನ್ನು ಇಲ್ಲಿ ನೆನೆಯದೆ ವಿಧಿಯಿಲ್ಲ.

ಈ ವಿಷಯದ ಮೂಲವನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡತಕ್ಕದ್ದು. ಧ್ವನಿಯನ್ನು ಹಿಡಿದಿಡುವ ಯಂತ್ರವು ಬರುವದಕ್ಕೆ ಮೊದಲು ಹಾಡನ್ನು ಕದಿಯುವ ಮಾತೇ ಇರಲಿಲ್ಲ. ಗವಾಯಿಯು ಹಾಡಿದನು, ಕೂತವರು ಕೇಳಿದರು, ಹಾಡು ಗಾಳಿಯಲ್ಲಿ ಕರಗಿತು. 1902ರಲ್ಲಿ ಗ್ರಾಮೋಫೋನ್ ಕಂಪನಿಯವರು ಕಲಕತ್ತೆಗೆ ಬಂದು ಗೌಹರ್ ಜಾನ್ ಮೊದಲಾದವರ ಹಾಡುಗಳನ್ನು ಮುದ್ರಿಸಿಕೊಂಡ ದಿನದಿಂದ ಈ ದೇಶದಲ್ಲಿ ಹಾಡು ಒಂದು ಸರಕಾಯಿತು. ಗಂಟೆಗಟ್ಟಲೆ ಹಾಡುವವರು ಮೂರು ನಿಮಿಷಗಳಲ್ಲಿ ರಾಗವನ್ನು ಮುಗಿಸಲು ಕಲಿತರು. ಆದರೆ ಆ ತಟ್ಟೆಯನ್ನು ನಕಲು ಮಾಡಲು ಅಚ್ಚು ಬೇಕು, ಅರಗು ಬೇಕು, ಕಲಕತ್ತೆಯ ಡಮ್‌ಡಮ್‌ದಲ್ಲಿದ್ದಂಥ ಕಾರಖಾನೆಯೇ ಬೇಕು. ಆದದ್ದರಿಂದ ಸಾಮಾನ್ಯ ಕೇಳುಗನಿಗೆ ಪಾಪ ಮಾಡುವ ಅನುಕೂಲತೆಯೇ ಇರಲಿಲ್ಲ. ಅನುಕೂಲತೆ ಇಲ್ಲದಿರುವದನ್ನು ಸದಾಚಾರವೆಂದು ಎಣಿಸುವದು ಮನುಷ್ಯನ ಹಳೆಯ ಚಾಳಿ.

1963ರಲ್ಲಿ ಹಾಲೆಂಡ್ ದೇಶದ ಫಿಲಿಪ್ಸ್ ಕಂಪನಿಯು ಕ್ಯಾಸೆಟ್ಟನ್ನು ಹೊರತಂದಿತು. 1980ರ ದಶಕದ ಹೊತ್ತಿಗೆ ಭಾರತದ ಮೂಲೆಮೂಲೆಗೂ ಅದು ತಲುಪಿತು. ಎರಡು ಕ್ಯಾಸೆಟ್ ಹಿಡಿಸುವ ಪೆಟ್ಟಿಗೆಯೊಂದಿದ್ದರೆ ಮನೆಯೇ ಕಾರಖಾನೆ. ಇದರಿಂದ ಕೇಡೂ ಆಯಿತು, ಒಳಿತೂ ಆಯಿತು. ಕಳ್ಳ ಕ್ಯಾಸೆಟ್ಟುಗಳು ಸಂತೆಗಳನ್ನು ತುಂಬಿದವು. ಅದರ ಸಂಗಡಲೇ, ದೊಡ್ಡ ಕಂಪನಿಗಳು ಕಣ್ಣೆತ್ತಿಯೂ ನೋಡದಿದ್ದ ಗೀಗೀ ಪದ, ಭಜನೆ, ತತ್ತ್ವಪದಗಳೂ ಮುದ್ರಿತವಾಗಿ ಹಳ್ಳಿಗಳಿಗೆ ತಲುಪಿದವು. ಆದರೂ ಕ್ಯಾಸೆಟ್ಟಿನ ನಕಲಿಗೆ ಒಂದು ಮಿತಿಯಿತ್ತು. ನಕಲಿನ ನಕಲು ಮಾಡಿದಂತೆಲ್ಲ ಧ್ವನಿಯು ಮಂಕಾಗುತ್ತ, ಸರಸರ ಸದ್ದು ಹೆಚ್ಚಾಗುತ್ತ ಹೋಗುತ್ತಿತ್ತು.

ಆ ಮಿತಿಯನ್ನು ತೆಗೆದುಹಾಕಿದ್ದು ಗಣಕಯಂತ್ರ. ಸಿ.ಡಿ. ಎಂಬ ತಟ್ಟೆಯಲ್ಲಿ ಧ್ವನಿಯು ಅಂಕೆಗಳ ರೂಪದಲ್ಲಿರುತ್ತದೆ. ಒಂದು ಸೆಕೆಂಡಿಗೆ 44,100 ಸಾರೆ ಧ್ವನಿಯ ಅಳತೆಯನ್ನು ತೆಗೆದು ಬರೆದಿಡಲಾಗುತ್ತದೆ. ಹಾಗೆ ಬರೆದರೆ ನಾಲ್ಕು ನಿಮಿಷದ ಒಂದು ಹಾಡಿಗೆ ಸುಮಾರು 42 ಮೆಗಾಬೈಟ್ ಸ್ಥಳ ಬೇಕಾಗುವದು. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈಂಟ್ಸ್ ಬ್ರಾಂಡೆನ್‌ಬರ್ಗ್ ಮೊದಲಾದ ವಿದ್ವಾಂಸರು ಮನುಷ್ಯನ ಕಿವಿಯ ಗುಣವನ್ನು ಶೋಧಿಸಿ, ಜೋರಾದ ಧ್ವನಿಯ ಮಗ್ಗುಲಲ್ಲಿರುವ ಸಣ್ಣ ಧ್ವನಿಯನ್ನು ಕಿವಿಯು ಹಿಡಿಯಲಾರದೆಂಬ ಸೂಕ್ಷ್ಮವನ್ನು ಉಪಯೋಗಿಸಿ, ಅಂಥ ಅಂಶಗಳನ್ನು ಬಿಟ್ಟು ಉಳಿದುದನ್ನು ಅಡಕಗೊಳಿಸಿದರು. ಅದೇ ಎಂ.ಪಿ.3 ಎಂಬ ಪದ್ಧತಿ. 1995ರಲ್ಲಿ ಅದಕ್ಕೆ ಈ ಹೆಸರು ನೆಲೆಗೊಂಡಿತು. 42 ಮೆಗಾಬೈಟಿನ ಹಾಡು ಸುಮಾರು 4 ಮೆಗಾಬೈಟಿಗೆ ಇಳಿಯಿತು. ಟೆಲಿಫೋನ್ ತಂತಿಯ ಮೇಲೆಯೇ ಹತ್ತು ನಿಮಿಷಗಳಲ್ಲಿ ಅದನ್ನು ತರಿಸಿಕೊಳ್ಳುವದು ಸಾಧ್ಯವಾಯಿತು. ನೂರನೆಯ ನಕಲೂ ಮೊದಲನೆಯದರಷ್ಟೇ ಶುದ್ಧ.

ಇನ್ನು ಮುಖ್ಯ ಪ್ರಕರಣಕ್ಕೆ ಬರಬಹುದು. ಅಮೇರಿಕೆಯಲ್ಲಿ ಶಾನ್ ಫ್ಯಾನಿಂಗ್ ಎಂಬ, ಇಪ್ಪತ್ತು ತುಂಬದ ವಿದ್ಯಾರ್ಥಿಯು 1999ರ ಜೂನದಲ್ಲಿ ನ್ಯಾಪ್‌ಸ್ಟರ್ ಎಂಬದನ್ನು ಹೊರಗೆಡಹಿದನು. ಅದರ ರಚನೆಯು ಸರಳ. ಹಾಡುಗಳು ನ್ಯಾಪ್‌ಸ್ಟರಿನ ಉಗ್ರಾಣದಲ್ಲಿರಲಿಲ್ಲ. ಒಬ್ಬೊಬ್ಬ ಬಳಕೆದಾರನ ಗಣಕದಲ್ಲಿಯೇ ಇರುತ್ತಿದ್ದವು. ಯಾರ ಹತ್ತಿರ ಯಾವ ಹಾಡಿದೆಯೆಂಬ ಯಾದಿಯನ್ನು ಮಾತ್ರ ನ್ಯಾಪ್‌ಸ್ಟರ್ ಇಟ್ಟುಕೊಂಡು, ಬೇಡುವವನನ್ನೂ ಉಳ್ಳವನನ್ನೂ ಕೂಡಿಸುತ್ತಿತ್ತು. ಎರಡು ವರ್ಷಗಳೊಳಗಾಗಿ ಕೋಟಿಗಟ್ಟಲೆ ಜನರು ಅದರಲ್ಲಿ ಸೇರಿದರು. ಮನುಷ್ಯಚರಿತ್ರೆಯಲ್ಲಿ ಅಷ್ಟೊಂದು ಸಂಗೀತವು ಒಂದೇ ಕಡೆಗೆ ಒದಗಿ ಬಂದುದು ಅದೇ ಮೊದಲು. ಅಂಗಡಿಗಳಲ್ಲಿ ಎಂದೋ ಸಿಗದೆ ಹೋಗಿದ್ದ ಹಳೆಯ ಮುದ್ರಿಕೆಗಳೂ ಅಲ್ಲಿ ದೊರೆಯುತ್ತಿದ್ದವು. ಇದನ್ನು ಒಪ್ಪದೆ ಬರೀ ಕಳ್ಳರ ಸಂತೆಯೆಂದು ತೆಗೆದುಹಾಕುವದು ನ್ಯಾಯವಲ್ಲ.

ಮೆಟಾಲಿಕಾ ಎಂಬ ವಾದ್ಯವೃಂದದವರ ಇನ್ನೂ ಪ್ರಕಟವಾಗದ ಹಾಡೊಂದು ನ್ಯಾಪ್‌ಸ್ಟರಿನಲ್ಲಿ ಹರಿದಾಡಿ ರೇಡಿಯೋದಲ್ಲಿಯೂ ಕೇಳಿಬಂದಿತು. 2000ದ ಏಪ್ರಿಲದಲ್ಲಿ ಅವರು ದಾವೆ ಹೂಡಿದರು. ಮುಂದಿನ ತಿಂಗಳಲ್ಲಿ ತಮ್ಮ ಹಾಡುಗಳನ್ನು ಹಂಚುತ್ತಿದ್ದ ಮೂರು ಲಕ್ಷಕ್ಕೂ ಮಿಕ್ಕಿದ ಬಳಕೆದಾರರ ಹೆಸರಿನ ಯಾದಿಯನ್ನು ಪೆಟ್ಟಿಗೆಗಳಲ್ಲಿ ತುಂಬಿ ನ್ಯಾಪ್‌ಸ್ಟರಿನ ಬಾಗಿಲಿಗೆ ಒಯ್ದು ಮುಟ್ಟಿಸಿದರು. ಅವರ ಅಭಿಮಾನಿಗಳೇ ಅವರ ಮೇಲೆ ಸಿಟ್ಟಾದರು. ಇತ್ತ ಚಕ್ ಡಿ ಎಂಬ ಮತ್ತೊಬ್ಬ ಪ್ರಸಿದ್ಧ ಗಾಯಕನು ನ್ಯಾಪ್‌ಸ್ಟರನ್ನು ಬೆಂಬಲಿಸಿದನು. ಕಂಪನಿಗಳ ಹಿಡಿತದಿಂದ ಕಲಾವಿದನನ್ನು ಅದು ಬಿಡಿಸುವದೆಂಬದು ಅವನ ಮತವಾಗಿತ್ತು. ಗಾಯಕರಲ್ಲಿಯೇ ಭಿನ್ನಾಭಿಪ್ರಾಯವಿದ್ದಿತೆಂಬದನ್ನು ಇದರಿಂದ ತಿಳಿಯತಕ್ಕದ್ದು. ದೊಡ್ಡ ಕಂಪನಿಗಳು ಹೂಡಿದ ದಾವೆಯಲ್ಲಿ 2001ರ ಫೆಬ್ರುವರಿಯಲ್ಲಿ ಮೇಲಿನ ನ್ಯಾಯಾಲಯವು ತೀರ್ಪು ಕೊಟ್ಟಿತು. ಕೊಂಡುಕೊಳ್ಳುವ ಮೊದಲು ರುಚಿ ನೋಡುವದಕ್ಕಾಗಿ ಇಳಿಸಿಕೊಳ್ಳುತ್ತಾರೆಂಬ ವಾದವನ್ನೂ, ತಾವು ಕೊಂಡ ತಟ್ಟೆಯ ಹಾಡನ್ನೇ ಬೇರೆ ಕಡೆಗೆ ಒಯ್ದುಕೊಳ್ಳುತ್ತಾರೆಂಬ ವಾದವನ್ನೂ ಅದು ಒಪ್ಪಲಿಲ್ಲ. ಅದೇ ವರ್ಷದ ಜುಲೈದಲ್ಲಿ ನ್ಯಾಪ್‌ಸ್ಟರ್ ಮುಚ್ಚಿತು. ಮುಚ್ಚಿದ ಕೂಡಲೆ ಅದರಂಥವೇ ಬೇರೆ ಹತ್ತು ಹುಟ್ಟಿದವೆಂದು ಹೇಳಬೇಕಾದುದಿಲ್ಲ.

ಈಗ ಇಳಿಸಿಕೊಳ್ಳುವವರ ಪಕ್ಷದ ವಾದಗಳನ್ನು ಒಂದೊಂದಾಗಿ ತೂಗಿ ನೋಡುವದು ಯೋಗ್ಯ.

ಎಲ್ಲಕ್ಕೂ ಬಲವಾದ ವಾದವು ದೀಪದ ವಾದ. ಒಂದು ದೀಪದಿಂದ ಇನ್ನೊಂದು ದೀಪವನ್ನು ಹೊತ್ತಿಸಿದರೆ ಮೊದಲಿನ ದೀಪದ ಬೆಳಕು ಕುಂದುವದಿಲ್ಲ. ಹಾಗೆಯೇ ಹಾಡಿನ ನಕಲು ಮಾಡಿದರೆ ಮೂಲದ ಹಾಡಿಗೆ ಕೊರತೆಯಿಲ್ಲ. ಅಮೇರಿಕೆಯ ಅಧ್ಯಕ್ಷನಾಗಿದ್ದ ಥಾಮಸ್ ಜೆಫರ್‌ಸನ್ನನು 1813ರ ಒಂದು ಪತ್ರದಲ್ಲಿ ವಿಚಾರಗಳ ಬಗ್ಗೆ ಇದೇ ಉಪಮೆಯನ್ನು ಕೊಟ್ಟಿದ್ದಾನೆ. ಈ ಮಾತಿನಲ್ಲಿ ಸತ್ಯವಿದೆ. ಜೋಳದ ಕಳವಿಗೂ ಹಾಡಿನ ನಕಲಿಗೂ ಭೇದವಿಲ್ಲವೆಂದು ವಾದಿಸುವ ಕಂಪನಿಗಳ ವಕೀಲರು ಆ ಸತ್ಯವನ್ನು ಮರೆಮಾಚುತ್ತಾರೆ. ಹತ್ತು ಸಾವಿರ ಜನರು ಇಳಿಸಿಕೊಂಡರೆ ಹತ್ತು ಸಾವಿರ ತಟ್ಟೆಗಳ ಬೆಲೆಯೇ ನಷ್ಟವಾಯಿತೆಂಬ ಅವರ ಲೆಕ್ಕವೂ ಸರಿಯಲ್ಲ. ಪುಕ್ಕಟೆ ಸಿಕ್ಕಿತೆಂದು ಕೇಳಿದವರೆಲ್ಲರೂ ದುಡ್ಡು ಕೊಟ್ಟು ಕೊಳ್ಳುವವರಾಗಿರಲಿಲ್ಲ.

ಆದರೆ ದೀಪದ ಉಪಮೆಯು ಒಂದು ಸಂಗತಿಯನ್ನು ಬಿಟ್ಟುಬಿಡುತ್ತದೆ. ಬೆಳಕಿಗೆ ವೆಚ್ಚವಿಲ್ಲದಿರಬಹುದು, ಎಣ್ಣೆಗೆ ವೆಚ್ಚವಿದೆ. ಮೊದಲಿನ ದೀಪವು ಉರಿಯುವದು ಯಾರೋ ಎಣ್ಣೆ ಹೊಯ್ಯುವದರಿಂದ. ಒಬ್ಬ ಗವಾಯಿಯು ಒಂದು ರಾಗವನ್ನು ಹದಕ್ಕೆ ತರಲು ಹತ್ತು ಹನ್ನೆರಡು ವರ್ಷ ಗುರುವಿನ ಮನೆಯಲ್ಲಿ ನೀರು ಹೊತ್ತು ಕಲಿಯುತ್ತಾನೆ. ಧಾರವಾಡದ ಮಗ್ಗುಲ ಮನಸೂರಿನಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ನಾಟಕ ಕಂಪನಿಯನ್ನು ಸೇರಿ, ಮಿರಜಿನಲ್ಲಿ ನೀಲಕಂಠಬುವಾ ಅಲೂರಮಠರ ಹತ್ತಿರ ಕಲಿತು, ಆಮೇಲೆ ಮಂಜೀಖಾನ್, ಭೂರ್ಜೀಖಾನ್ ಇವರಲ್ಲಿ ಮತ್ತೆ ಶಿಷ್ಯರಾಗಿ ನಿಂತರು. ಆ ವರ್ಷಗಳ ಅಕ್ಕಿಬೇಳೆಯ ಲೆಕ್ಕವನ್ನು ಯಾವ ತಟ್ಟೆಯ ಮೇಲೆಯೂ ಬರೆದಿರುವದಿಲ್ಲ. ಕೇಳುಗನು ಕೊಡುವ ಬೆಲೆಯು ಆ ಎಣ್ಣೆಯ ಪಾಲು. ಒಬ್ಬನು ಕೊಡದಿದ್ದರೆ ದೀಪವು ಆರುವದಿಲ್ಲ ನಿಜ. ತಾನೊಬ್ಬನು ಕೊಡದಿದ್ದರೇನೆಂದು ಎಲ್ಲರೂ ಎಂದರೆ ಆರುತ್ತದೆ. ಕೆರೆಯ ಏರಿ ಕಟ್ಟುವಾಗ ತನ್ನ ಮನೆಯ ಆಳನ್ನು ಕಳಿಸದೆ ಹೊಲಕ್ಕೆ ಮಾತ್ರ ನೀರು ಬಿಟ್ಟುಕೊಳ್ಳುವವನನ್ನು ಊರವರು ಕಳ್ಳನೆನ್ನಲಾರರು; ಒಳ್ಳೆಯವನೆಂದೂ ಅನ್ನಲಾರರು. ಹಣ ಕೊಡದೆ ಹಾಡನ್ನಿಳಿಸಿಕೊಳ್ಳುವವನ ಸ್ಥಾನವು ಇವನ ಮಗ್ಗುಲಲ್ಲಿಯೇ ಎಂಬದು ವಿಚಾರವಂತರಿಗೆ ತೋರದೆ ಇರದು.

ಎರಡನೆಯ ವಾದವು ಹೆಚ್ಚು ಸಿಟ್ಟಿನದು. ಹಣ ಕೊಟ್ಟರೂ ಅದು ಗಾಯಕನಿಗೆ ಮುಟ್ಟುವದಿಲ್ಲ, ಕಂಪನಿಯ ಹೊಟ್ಟೆಗೆ ಹೋಗುತ್ತದೆ. ಕಳ್ಳನ ಗಂಟನ್ನು ಕದ್ದರೆ ಪಾಪವೇನು ಎಂಬದು. ಇದನ್ನು ಹಗುರಾಗಿ ತಳ್ಳಿಬಿಡುವದು ಶಕ್ಯವಿಲ್ಲ. ಏಕೆಂದರೆ ಭಾರತದ ಸಂಗೀತೋದ್ಯಮದ ಇತಿಹಾಸವೇ ಈ ವಾದಕ್ಕೆ ಸಾಕ್ಷಿ ನುಡಿಯುತ್ತದೆ.

1960ರ ದಶಕದ ಆರಂಭದಲ್ಲಿ ಹಿಂದೀ ಚಿತ್ರಗೀತೆಗಳ ಇಬ್ಬರು ಮಹಾಗಾಯಕರಲ್ಲಿ, ಎಂದರೆ ಲತಾ ಮಂಗೇಶಕರ ಮತ್ತು ಮಹಮ್ಮದ ರಫಿ ಇವರಲ್ಲಿ, ಈ ವಿಷಯವಾಗಿಯೇ ಮನಸ್ತಾಪ ಬಂದಿತು. ತಟ್ಟೆಗಳು ಮಾರಿದಂತೆಲ್ಲ ಗಾಯಕರಿಗೂ ಪಾಲು, ಅಂದರೆ ರಾಯಲ್ಟಿ ಬರತಕ್ಕದ್ದೆಂದು ಲತಾ ಅವರು ಪಟ್ಟು ಹಿಡಿದರು. ಹಾಡಿದ ದಿನ ಸಂಭಾವನೆ ಪಡೆದ ಮೇಲೆ ಗಾಯಕನ ಹಕ್ಕು ತೀರಿತೆಂದು ರಫಿಯವರು ತಿಳಿದರು. ಕೆಲವು ವರ್ಷಗಳ ವರೆಗೆ ಇಬ್ಬರೂ ಜೊತೆಗೂಡಿ ಹಾಡಲಿಲ್ಲ. ರಫಿಯವರ ಮಾತಿನಲ್ಲಿ ಒಂದು ತೆರನಾದ ನಿಸ್ಪೃಹತೆಯಿದೆ. ದಿನದ ಕೂಲಿ ಪಡೆದ ಗೌಂಡಿಯು ಮನೆಯ ಬಾಡಿಗೆಯಲ್ಲಿ ಪಾಲು ಕೇಳುವದಿಲ್ಲವಷ್ಟೆ. ಆದರೂ ಲತಾ ಅವರ ಮಾತೇ ಹೆಚ್ಚು ನ್ಯಾಯದ್ದು. ಗೌಂಡಿಯು ಕಟ್ಟಿದ ಮನೆಯು ಒಂದೇ; ಗಾಯಕನ ಒಂದು ದಿನದ ದುಡಿಮೆಯಿಂದ ಲಕ್ಷಾಂತರ ತಟ್ಟೆಗಳು ಹುಟ್ಟಿ, ಅವನ ಮುಪ್ಪಿನ ಕಾಲದಲ್ಲಿಯೂ ಬೇರೆಯವರಿಗೆ ಹಣ ತರುತ್ತಲೇ ಇರುತ್ತವೆ.

ಕಾಯದೆಯು ಬಹುಕಾಲ ಗಾಯಕನ ಪಕ್ಷದಲ್ಲಿರಲಿಲ್ಲ. 1957ರ ಕೃತಿಸ್ವಾಮ್ಯದ ಕಾಯದೆಯಲ್ಲಿ ಕವಿಗೂ ಸಂಗೀತ ಸಂಯೋಜಕನಿಗೂ ಹಕ್ಕು ಹೇಳಿದ್ದರೂ, 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪಿನಂತೆ, ಚಿತ್ರಕ್ಕಾಗಿ ಹಣ ಪಡೆದು ರಚಿಸಿಕೊಟ್ಟ ಹಾಡಿನ ಮೊದಲ ಒಡೆಯನು ಚಿತ್ರನಿರ್ಮಾಪಕನೇ ಆದನು. ಬೇರೆ ಕರಾರಿದ್ದರೆ ಮಾತ್ರ ಬೇರೆ. ಆ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರರು ತಮ್ಮದೊಂದು ಟಿಪ್ಪಣಿಯನ್ನು ಸೇರಿಸಿ, ಹಾಡಿನ ಜೀವವೇ ಆಗಿರುವ ಗಾಯಕನಿಗೆ ಭಾರತದ ಕಾಯದೆಯಲ್ಲಿ ಹಕ್ಕೇ ಇಲ್ಲದಿರುವದನ್ನು ಎತ್ತಿ ತೋರಿಸಿದರು. ಪ್ರದರ್ಶಕ ಕಲಾವಿದರಿಗೆ ಒಂದು ಹಕ್ಕು ಬಂದದ್ದು 1994ರ ತಿದ್ದುಪಡಿಯಿಂದ. ಗೀತರಚನಕಾರರೂ ಸಂಯೋಜಕರೂ ತಮ್ಮ ರಾಯಲ್ಟಿಯ ಹಕ್ಕನ್ನು ಬಡತನದ ಒತ್ತಾಯಕ್ಕಾಗಲಿ ಕಂಪನಿಯ ಒತ್ತಾಯಕ್ಕಾಗಲಿ ಒಳಗಾಗಿ ಬರೆದುಕೊಡದಂತೆ ಕಟ್ಟು ಮಾಡಿದ್ದು 2012ರ ತಿದ್ದುಪಡಿ. ಚಿತ್ರಮಂದಿರದ ಹೊರಗೆ ಹಾಡಿನಿಂದ ಬರುವ ಆದಾಯದಲ್ಲಿ ಅವರಿಗೆ ಸಮಪಾಲು ಸಲ್ಲತಕ್ಕದ್ದೆಂದು ಅದು ವಿಧಿಸಿತು. ರಾಜ್ಯಸಭೆಯ ಸದಸ್ಯರಾಗಿದ್ದ ಕವಿ ಜಾವೇದ ಅಖ್ತರರು ಇದಕ್ಕಾಗಿ ಬಹಳ ಶ್ರಮಪಟ್ಟರು. ಹೀಗೆ ನೋಡಿದರೆ, ಅರ್ಧ ಶತಮಾನಕ್ಕೂ ಮಿಕ್ಕಿ ಹಾಡಿನ ಫಲವು ಹಾಡಿದವರಿಗೆ ನ್ಯಾಯವಾಗಿ ಮುಟ್ಟಲಿಲ್ಲವೆಂಬ ಆರೋಪವು ಸುಳ್ಳಲ್ಲ.

ಆದರೂ ಈ ವಾದದಿಂದ ಇಳಿಸಿಕೊಳ್ಳುವವನಿಗೆ ನಿರ್ದೋಷಿತ್ವವು ದೊರೆಯಲಾರದು. ಜಮೀನುದಾರನು ಕೂಲಿಯವನಿಗೆ ಅರ್ಧ ಕೂಲಿ ಕೊಡುತ್ತಾನೆಂದು ಮೂರನೆಯವನೊಬ್ಬನು ಬಂದು ಫಸಲನ್ನೇ ಕೊಯ್ದುಕೊಂಡು ಹೋದರೆ, ಕೂಲಿಯವನಿಗೆ ಆ ಅರ್ಧವೂ ತಪ್ಪಿತು. ಕಂಪನಿಯ ಮೇಲೆ ನಿಜವಾಗಿ ಸಿಟ್ಟಿದ್ದವನು ಗಾಯಕನಿಗೆ ನೇರವಾಗಿ ಕೊಡುವ ಮಾರ್ಗವನ್ನು ಹುಡುಕುತ್ತಿದ್ದನು. ಕಚೇರಿಗೆ ಟಿಕೆಟು ಕೊಂಡು ಹೋಗುತ್ತಿದ್ದನು. ಕಡೆಗೆ ಆ ಹಾಡನ್ನು ಕೇಳದೆಯಾದರೂ ಇರುತ್ತಿದ್ದನು. ಸಿಟ್ಟು ಕಂಪನಿಯ ಮೇಲೆ, ಲಾಭ ತನ್ನ ಕಿಸೆಗೆ ಎಂದಾದರೆ ಆ ಸಿಟ್ಟನ್ನು ಸ್ವಲ್ಪ ಸಂಶಯದಿಂದಲೇ ನೋಡಬೇಕಾಗುವದು.

ಮೂರನೆಯ ವಾದವನ್ನು ವಿದ್ಯಾವಂತರಿಗಿಂತ ಸಾಮಾನ್ಯರೇ ಹೆಚ್ಚಾಗಿ ಆಡುತ್ತಾರೆ. ಅಂತರ್ಜಾಲದಲ್ಲಿ ಬಿದ್ದದ್ದನ್ನು ಎತ್ತಿಕೊಂಡದ್ದು, ತಾನೇನು ಬೀಗ ಮುರಿದಿಲ್ಲ ಎಂಬದು. ಇದಕ್ಕೆ ಶರಣಪರಂಪರೆಯ ಕಥೆಯೊಂದೇ ಉತ್ತರ ಹೇಳುತ್ತದೆ. ಆಯ್ದಕ್ಕಿ ಮಾರಯ್ಯನವರ ಕಾಯಕವು ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವದಾಗಿತ್ತು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಅವರು ತಂದಾಗ ಪತ್ನಿಯಾದ ಲಕ್ಕಮ್ಮನವರು ಅದನ್ನು ಒಳಗೆ ಕೊಳ್ಳದೆ, ಮಿಕ್ಕದ್ದನ್ನು ಇದ್ದಲ್ಲಿಯೇ ಸುರಿದು ಬರಲು ಹೇಳಿ ಹಿಂದಕ್ಕೆ ಕಳಿಸಿದರು. ಆ ಅಕ್ಕಿಗೆ ಬೀಗವಿರಲಿಲ್ಲ, ಕಾವಲಿರಲಿಲ್ಲ, ಒಡೆಯನು ಬೇಡವೆಂದಿರಲೂ ಇಲ್ಲ. ನೆಲದ ಮೇಲೆ ಬಿದ್ದದ್ದೆಲ್ಲ ಎತ್ತಿಕೊಂಡವನದಲ್ಲವೆಂಬದು ಆ ತಾಯಿಯ ನಿಲುವು. ಲಕ್ಕಮ್ಮನವರ ಅಳತೆಯಿಂದ ಈ ಕಾಲದವರನ್ನು ಅಳೆದರೆ ಯಾರೂ ಉಳಿಯಲಾರರು. ಬೆಲೆ ಕೊಟ್ಟು ಸಾವಿರ ಹಾಡು ಕೂಡಿಹಾಕಿ ಹತ್ತನ್ನೂ ಕೇಳದವನು ಕೂಡ ಅವರ ಮುಂದೆ ತಲೆ ತಗ್ಗಿಸಬೇಕಾಗುವದು.

ಪುಕ್ಕಟೆಯೆಂಬದೇ ದೋಷವೆಂದು ಇದರಿಂದ ತಿಳಿಯಬಾರದು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ ಅವರ ತರುವಾಯ 2010ರ ವರೆಗೆ ಪುಟ್ಟರಾಜ ಗವಾಯಿಗಳೂ ಅಂಧ ಬಾಲಕರಿಗೆ, ಅನಾಥರಿಗೆ ಅನ್ನವನ್ನಿಕ್ಕಿ ಸಂಗೀತವನ್ನು ಧಾರೆಯೆರೆದರು. ಒಂದು ಕಾಸೂ ಬೇಡಲಿಲ್ಲ. ಅಲ್ಲಿ ಕೊಡುವ ಕೈ ಇತ್ತು. ಇಂಗ್ಲಂಡದ ರೇಡಿಯೋಹೆಡ್ ಎಂಬ ವೃಂದದವರು 2007ರ ಅಕ್ಟೋಬರದಲ್ಲಿ ತಮ್ಮ ಹೊಸ ಗೀತಸಂಗ್ರಹವನ್ನು ಅಂತರ್ಜಾಲದಲ್ಲಿಟ್ಟು, ಕೇಳುಗನು ತನ್ನ ಮನಸ್ಸಿಗೆ ಬಂದಷ್ಟು ಬೆಲೆ ಕೊಡಬಹುದು, ಏನೂ ಕೊಡದೆಯೂ ಒಯ್ಯಬಹುದೆಂದು ಸಾರಿದರು. ಆಗ ಏನೂ ಕೊಡದೆ ಒಯ್ದವನಿಗೆ ದೋಷವಿಲ್ಲ. ಹಾಡು ಅದೇ, ಬೆಲೆ ಶೂನ್ಯವೇ. ಭೇದವಿರುವದು ಒಡೆಯನ ಒಪ್ಪಿಗೆಯಲ್ಲಿ. ದಾಸೋಹದ ಪಂಕ್ತಿಯಲ್ಲಿ ಕುಳಿತು ಉಂಡವನಿಗೂ ಅಡಿಗೆಮನೆಯ ಹಿಂಬಾಗಿಲಿನಿಂದ ಪಾತ್ರೆಯನ್ನೆತ್ತಿದವನಿಗೂ ಇರುವ ಭೇದವೇ ಅದು.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದವರ ಅತಿರೇಕವನ್ನೂ ಹೇಳದಿದ್ದರೆ ತಕ್ಕಡಿಯು ಓರೆಯಾಗುವದು. ಅಮೇರಿಕೆಯ ಮುದ್ರಿಕಾ ಕಂಪನಿಗಳ ಸಂಘವು 2003ರ ಸೆಪ್ಟೆಂಬರದಲ್ಲಿ ಸಾಮಾನ್ಯ ಬಳಕೆದಾರರ ಮೇಲೆಯೇ ದಾವೆ ಹೂಡಲಾರಂಭಿಸಿತು. ಮೊದಲ ಸಾರೆಗೆ 261 ಜನರು. ಅವರಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗಿಯೂ ಇದ್ದಳು. ಅವಳ ತಾಯಿಯು 2,000 ಡಾಲರ್ ತೆತ್ತು ರಾಜಿ ಮಾಡಿಕೊಳ್ಳಬೇಕಾಯಿತು. ಮುಂದಿನ ಐದು ವರ್ಷಗಳಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನರು ಈ ಬಲೆಗೆ ಸಿಕ್ಕರು. ಮಿನಿಸೋಟಾ ಪ್ರಾಂತದ ಒಬ್ಬ ಹೆಣ್ಣುಮಗಳಿಗೆ 24 ಹಾಡುಗಳ ಸಲುವಾಗಿ 2007ರಲ್ಲಿ 2,22,000 ಡಾಲರ್ ದಂಡ ಬಿತ್ತು, 2009ರ ಮರುವಿಚಾರಣೆಯಲ್ಲಿ ಅದು 19 ಲಕ್ಷ ಡಾಲರನ್ನು ದಾಟಿತು, ಮತ್ತೆ ಇಳಿಯಿತು, 2012ರಲ್ಲಿ ಮೇಲಿನ ನ್ಯಾಯಾಲಯವು ಮೊದಲಿನ 2,22,000ವನ್ನೇ ಎತ್ತಿಹಿಡಿಯಿತು. ಆ 24 ಹಾಡುಗಳನ್ನು ಅಂಗಡಿಯ ದರದಿಂದ ಕೊಂಡಿದ್ದರೆ 24 ಡಾಲರೂ ಆಗುತ್ತಿರಲಿಲ್ಲ. ಇದನ್ನು ದಂಡನೆಯೆನ್ನುವದಕ್ಕಿಂತ ಭಯಪ್ರದರ್ಶನವೆಂದರೆ ಒಪ್ಪೀತು. ಒಂದು ಸೇರು ಜೋಳ ಕದ್ದವನ ಮನೆಯನ್ನೇ ಹರಾಜು ಮಾಡಿದ ಸಾಹುಕಾರನ ಕಡೆಗೆ ಊರಿನ ಕನಿಕರವು ಹೇಗೆ ಹೋದೀತು? ಈ ದಾವೆಗಳಿಂದ ಪುಕ್ಕಟೆ ಇಳಿಸಿಕೊಳ್ಳುವದೂ ನಿಲ್ಲಲಿಲ್ಲ. 2008ರ ಕೊನೆಗೆ ಆ ಸಂಘವೇ ಅವುಗಳನ್ನು ಕೈಬಿಟ್ಟಿತು.

ದಂಡಕ್ಕಿಂತ ಬೆಲೆಯೇ ಹೆಚ್ಚು ಕೆಲಸ ಮಾಡಿತೆಂಬದು ಕುತೂಹಲದ ಸಂಗತಿ. ಒಂದೆರಡು ಹಾಡುಗಳಿಗಾಗಿ ಇಡೀ ತಟ್ಟೆಯನ್ನು ಕೊಳ್ಳಬೇಕೆಂಬ ಬಲವಂತವನ್ನು ತಪ್ಪಿಸಿ, 2003ರ ಏಪ್ರಿಲದಲ್ಲಿ ಆಪಲ್ ಕಂಪನಿಯು ಒಂದೊಂದು ಹಾಡನ್ನು 99 ಸೆಂಟಿನಂತೆ ಮಾರತೊಡಗಿದಾಗ ಮೊದಲ ವಾರದಲ್ಲಿಯೇ ಹತ್ತು ಲಕ್ಷ ಹಾಡುಗಳು ಮಾರಿದವು. ಪುಕ್ಕಟೆ ಸಿಗುತ್ತಿದ್ದ ವಸ್ತುವನ್ನೇ ಜನರು ಹಣ ಕೊಟ್ಟು ಕೊಂಡರು. ಮನುಷ್ಯನು ಸ್ವಭಾವತಃ ಕಳ್ಳನಲ್ಲ. ನ್ಯಾಯವಾದ ಬಾಗಿಲು ದೂರವಾಗಿದ್ದರೆ ಹತ್ತಿರದ ಗೋಡೆಯನ್ನು ಹಾರುತ್ತಾನೆ. 2008ರಲ್ಲಿ ಸ್ವೀಡನ್ ದೇಶದಲ್ಲಿ ಆರಂಭವಾಗಿ 2019ರಲ್ಲಿ ಭಾರತಕ್ಕೆ ಬಂದ ಸ್ಪಾಟಿಫೈ ಮೊದಲಾದ ಸಂಸ್ಥೆಗಳು ಹಾಡನ್ನು ಮಾರುವದನ್ನೇ ಬಿಟ್ಟು, ತಿಂಗಳಿಗಿಷ್ಟೆಂದು ವರ್ಗಣಿ ತೆಗೆದುಕೊಂಡು, ಅಥವಾ ನಡುನಡುವೆ ಜಾಹೀರಾತು ಕೇಳಿಸಿ, ಬೇಕಾದಷ್ಟು ಕೇಳಲು ಬಿಡುತ್ತವೆ. ಹೀಗಾಗಿ ಇಳಿಸಿಕೊಳ್ಳುವ ಚಟವು ಬಹುಮಟ್ಟಿಗೆ ಕಡಿಮೆಯಾಯಿತು. ಆದರೆ ಒಂದು ಸಲ ಕೇಳಿದುದಕ್ಕೆ ಒಂದು ಸೆಂಟಿನ ಅಲ್ಪಾಂಶವೇ ಹಕ್ಕುದಾರರಿಗೆ ಸಲ್ಲುವದರಿಂದ, ಕೋಟಿ ಕೇಳುಗರುಳ್ಳ ಚಿತ್ರಗಾಯಕನು ಬದುಕಿಯಾನು, ಸಾವಿರ ಕೇಳುಗರುಳ್ಳ ವಚನಗಾಯಕನು ಅದರಿಂದ ಒಂದು ತಂಬೂರಿಯ ತಂತಿಯನ್ನೂ ಕೊಳ್ಳಲಾರನು. ಕಾಯದೆಗೆ ತಪ್ಪಿಲ್ಲದೆ ನಡೆದರೂ ನ್ಯಾಯವು ಪೂರ್ತಿಯಾಗದೆಂಬದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಬಡ ವಿದ್ಯಾರ್ಥಿಯ ವಿಷಯವೇನೆಂದು ಯಾರಾದರೂ ಕೇಳಬಹುದು. ಕೊಳ್ಳುವ ಶಕ್ತಿಯೇ ಇಲ್ಲದ, ಕಲಿಯುವ ಹಂಬಲದಿಂದ ಒಂದು ರಾಗವನ್ನು ನೂರು ಸಲ ಕೇಳುವ ಹುಡುಗನನ್ನು, ಸಾವಿರಾರು ಹಾಡು ಇಳಿಸಿ ಮಾರುವ ಅಂಗಡಿಯವನ ಪಂಕ್ತಿಯಲ್ಲಿ ಕೂರಿಸುವದು ಕ್ರೂರವಾದೀತು. ಭಾರತದ ಕಾಯದೆಯೂ ಖಾಸಗಿ ಉಪಯೋಗ, ಅಭ್ಯಾಸ, ಸಂಶೋಧನೆ ಇವುಗಳಿಗಾಗಿ ಮಾಡಿಕೊಳ್ಳುವ ನ್ಯಾಯೋಚಿತವಾದ ಬಳಕೆಗೆ ಎಡೆಗೊಟ್ಟಿದೆ. ಆ ಎಡೆಯು ಎಷ್ಟು ಅಗಲವೆಂಬದು ನ್ಯಾಯಾಲಯಗಳ ವಿಚಾರಕ್ಕೆ ಬಿಟ್ಟದ್ದು. ಅದನ್ನೇ ರಾಜಮಾರ್ಗವೆಂದು ಬಗೆದು ಗಾಡಿ ಹೊಡೆಯುವದು ಜಾಣತನವಲ್ಲ. ತಿಳಿದೂ ತಿಳಿದೂ ಹಕ್ಕನ್ನು ಉಲ್ಲಂಘಿಸಿದವನಿಗೆ ಆರು ತಿಂಗಳಿಂದ ಮೂರು ವರ್ಷಗಳ ವರೆಗೆ ಸೆರೆಮನೆಯನ್ನೂ, 50,000 ರೂಪಾಯಿಯಿಂದ ಎರಡು ಲಕ್ಷದ ವರೆಗೆ ದಂಡವನ್ನೂ ಅದೇ ಕಾಯದೆಯು ಹೇಳಿದೆ. ವ್ಯಾಪಾರದ ಲಾಭಕ್ಕಾಗಿ ಮಾಡಿರದಿದ್ದರೆ ಇದಕ್ಕೂ ಕಡಿಮೆ ಶಿಕ್ಷೆ ಕೊಡುವ ಅಧಿಕಾರವು ನ್ಯಾಯಾಧೀಶನಿಗಿದೆ.

ಮಠದ ಭಕ್ತರಿಗೆ ನೇರವಾಗಿ ಸಂಬಂಧಿಸಿದ ಒಂದೆರಡು ಮಾತುಗಳು ಇನ್ನೂ ಉಳಿದಿವೆ. ವಚನಗಳಿಗೆ ಯಾರ ಒಡೆತನವೂ ಇಲ್ಲ. ಹನ್ನೆರಡನೆಯ ಶತಮಾನದ ಆ ಮಾತುಗಳನ್ನು ಯಾರಾದರೂ ಹಾಡಬಹುದು, ಅಚ್ಚು ಹಾಕಬಹುದು, ಹಂಚಬಹುದು. ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಊರೂರು ಅಲೆದು ಕೂಡಿಸಿ, ಮುದ್ರಣಾಲಯಕ್ಕಾಗಿ ತಮ್ಮ ಮನೆಯನ್ನೇ ಮಾರಿ, ಅವುಗಳನ್ನು ಪ್ರಕಟಿಸಿದರು. ಅವರೂ ವಚನಗಳ ಒಡೆಯರೆನ್ನಿಸಿಕೊಳ್ಳಲಿಲ್ಲ. ಆದರೆ ಆ ವಚನಕ್ಕೆ ಒಬ್ಬನು ಹೊಸದಾಗಿ ಸ್ವರಸಂಯೋಜನೆ ಮಾಡಿದರೆ ಆ ಸಂಯೋಜನೆಯು ಅವನದು, ಇನ್ನೊಬ್ಬನು ಹಾಡಿದರೆ ಆ ಗಾಯನದಲ್ಲಿ ಹಾಡಿದವನಿಗೊಂದು ಹಕ್ಕಿದೆ, ಮುದ್ರಿಸಿದವನಿಗೆ ಮುದ್ರಿಕೆಯಲ್ಲಿದೆ. ವಚನವು ಎಲ್ಲರದು, ಆದ್ದರಿಂದ ವಚನದ ಈ ತಟ್ಟೆಯೂ ಎಲ್ಲರದೆಂಬ ತರ್ಕದಲ್ಲಿ ಎರಡು ಬೇರೆ ಬೇರೆ ವಸ್ತುಗಳು ಕಲಸಿಹೋಗುತ್ತವೆ. ಬಾವಿಯ ನೀರು ಊರಿನದು. ಸೇದಿ ತಂದ ಕೊಡವು ಸೇದಿದವಳದು.

ಜಾತ್ರೆಯಲ್ಲಿ, ಪೂಜೆಯಲ್ಲಿ, ಮದುವೆಯ ಮೆರವಣಿಗೆಯಲ್ಲಿ ಧ್ವನಿವರ್ಧಕದಿಂದ ಮುದ್ರಿಕೆಗಳನ್ನು ಹಚ್ಚುವದಕ್ಕೆ ಅಪ್ಪಣೆ ಬೇಕೋ ಎಂದು ಪಂಚರು ಆಗಾಗ ಕೇಳುವದುಂಟು. ನಿಜವಾದ ಧಾರ್ಮಿಕ ಸಮಾರಂಭದಲ್ಲಿಯೂ ಮದುವೆಗೆ ಸಂಬಂಧಿಸಿದ ಉತ್ಸವದಲ್ಲಿಯೂ ಹೀಗೆ ಕೇಳಿಸುವದನ್ನು ಕಾಯದೆಯು ಉಲ್ಲಂಘನೆಯೆಂದು ಎಣಿಸುವದಿಲ್ಲ. ಈ ವಿನಾಯಿತಿಯು ಕೇಳಿಸುವದಕ್ಕೆ. ನಕಲು ಮಾಡಿ ಜಾತ್ರೆಯ ಅಂಗಡಿಯಲ್ಲಿ ಪೆನ್‌ಡ್ರೈವ್ ಮಾರುವದಕ್ಕಲ್ಲ.

ಕಡೆಯದಾಗಿ, ಹಳೆಯ ತಟ್ಟೆಗಳ ಸಂಗತಿ. ಧ್ವನಿಮುದ್ರಿಕೆಯ ಮೇಲಣ ಹಕ್ಕು ಭಾರತದಲ್ಲಿ ಅನಂತವಾದುದಲ್ಲ; ಪ್ರಕಟವಾದ ವರ್ಷದ ಮುಂದಿನ ಸಂವತ್ಸರದಿಂದ ಎಣಿಸಿ 60 ವರ್ಷಗಳಿಗೆ ಅದು ತೀರುತ್ತದೆ. ಈ ಅರವತ್ತು ವರ್ಷವೂ ದೀರ್ಘವೇ. 1710ರ ಇಂಗ್ಲಂಡದ ಮೊದಲ ಕಾಯದೆಯು ಹೊಸ ಪುಸ್ತಕಗಳಿಗೆ 14 ವರ್ಷಗಳನ್ನು ಕೊಟ್ಟು, ಕರ್ತೃವು ಬದುಕಿದ್ದರೆ ಇನ್ನೂ 14ನ್ನು ಕೊಟ್ಟಿತ್ತು. ಇರಲಿ. 1930ರ ದಶಕದಲ್ಲಿ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯು ತೆಗೆದ ಮೂರು ನಿಮಿಷದ ತಟ್ಟೆಗಳ ಮೇಲೆ ಮುದ್ರಿಕೆಯ ಹಕ್ಕು ಉಳಿದಿಲ್ಲ. ಅವುಗಳನ್ನು ಸಂಗ್ರಹಿಸಿದ ರಸಿಕರು ತಟ್ಟೆಯ ಧೂಳನ್ನೊರಸಿ, ಗಣಕಕ್ಕೆ ಏರಿಸಿ, ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಅವುಗಳನ್ನು ಇಳಿಸಿಕೊಂಡು ಕೇಳುವವನು ಯಾರ ಅಪ್ಪಣೆಯನ್ನೂ ಕಾಯಬೇಕಾಗಿಲ್ಲ. 1960ರಲ್ಲಿ ಪ್ರಕಟವಾದ ತಟ್ಟೆಯು 2021ರ ಜನೇವರಿ 1ರಂದು ಈ ಬಿಡುಗಡೆಯನ್ನು ಪಡೆಯಿತು. 1975ರಲ್ಲಿ ಪ್ರಕಟವಾದುದಕ್ಕೆ 2035ರ ಡಿಸೆಂಬರ 31ರ ವರೆಗೆ ಕಾಯತಕ್ಕದ್ದು. ಅಷ್ಟು ತಾಳ್ಮೆಯಿಲ್ಲದ ರಸಿಕನು ಬೆಲೆ ಕೊಟ್ಟು ಈ ಹೊತ್ತೇ ಕೇಳಬಹುದು.